ಬೊಗಳದ ನಾಯಿ, ಆರು ಬೆರಳಿನ ನಾಯಿ, ಉಣ್ಣೆ ಕೊಡುವ ನಾಯಿ



ನಾಳೆ ಬೆಳಿಗ್ಗೆ ವಾಕಿಂಗ್ ಹೋದಾಗ ಒಂದು ಕೆಲಸ ಮಾಡಿ. ನೀವು ಮುಂಬಯಿಯ ಮಾಟುಂಗಾದಲ್ಲಿರಿ, ಪುಣೆಯ ಕೋಥ್ರೂಡ್‌ನಲ್ಲಿರಿ, ಚೆನ್ನೈನ ಮೈಲಾಪುರದಲ್ಲಿರಿ, ಎದುರಿಗೆ ಬರುವ ಸಾಕುನಾಯಿಗಳ ತಳಿ ಎಣಿಸುತ್ತಾ ಹೋಗಿ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಪಗ್, ಶಿ ತ್ಸು, ಜರ್ಮನ್ ಶೆಫರ್ಡ್, ಏಪ್ರಿಲ್ ಬಿಸಿಲಿಗೆ ನಾಲಿಗೆ ಚಾಚಿ ಏದುಸಿರು ಬಿಡುವ ಒಂದು ಹಸ್ಕಿ. ಎರಡು ಕೈಯ ಬೆರಳು ಮಡಚಿ ಮುಗಿಯುವುದರೊಳಗೆ ಪಟ್ಟಿ ಮುಗಿದುಬಿಡುತ್ತದೆ. ಪಗ್ ಅಷ್ಟೊಂದು ಕಾಣುವುದಕ್ಕೆ ಕಾರಣ ನಿಮಗೂ ಗೊತ್ತು. 2003ರಲ್ಲಿ ಬಂದ ಹಚ್ ಮೊಬೈಲ್ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆಯೇ ಓಡುವ ಆ ಪುಟ್ಟ ನಾಯಿಯನ್ನು ನೋಡಿ ದೇಶಕ್ಕೆ ದೇಶವೇ ಮರುಳಾಯಿತು. ನಾಯಿಯ ಚಪ್ಪಟೆ ಮೂಗಿನಲ್ಲಿ ಉಸಿರಾಟ ಎಷ್ಟು ಕಷ್ಟ ಅನ್ನುವುದು ಜಾಹೀರಾತಿನಲ್ಲಿ ಇರಲಿಲ್ಲ.

ಆದರೆ ಜಗತ್ತಿನಲ್ಲಿ ಎಷ್ಟು ತಳಿಗಳಿವೆ? ಬೆಲ್ಜಿಯಂನಲ್ಲಿ ಕೇಂದ್ರ ಕಚೇರಿ ಇರುವ ಅಂತಾರಾಷ್ಟ್ರೀಯ ಶ್ವಾನ ಒಕ್ಕೂಟವೊಂದಿದೆ. ಎಫ್‌ಸಿಐ ಅಂತ ಹೆಸರು (ನಮ್ಮ ಅಕ್ಕಿ-ಗೋಧಿಯ ಎಫ್‌ಸಿಐ ಅಲ್ಲ!). ಅದರ ಪಟ್ಟಿಯಲ್ಲೇ 350ಕ್ಕೂ ಹೆಚ್ಚು ತಳಿಗಳಿವೆ. ಪಟ್ಟಿಗೆ ಸೇರದವು ಬೇರೆ. ಅವುಗಳಲ್ಲಿ ಕೆಲವನ್ನು ಇವತ್ತು ನಿಮಗೆ ಪರಿಚಯ ಮಾಡಿಸೋಣ ಅಂತಿದ್ದೇನೆ. ಬರೀ ವಿಚಿತ್ರ ಅನ್ನುವ ಕಾರಣಕ್ಕಲ್ಲ. ಒಂದು ತಳಿ ಹೇಗೆ ಹುಟ್ಟುತ್ತದೆ, ಹೇಗೆ ಹೇಳಹೆಸರಿಲ್ಲದಂತೆ ಹೋಗುತ್ತದೆ ಅನ್ನುವುದು ಗೊತ್ತಾದರೆ, ಮನೆಗೆ ಮರಿ ತರಬೇಕು ಅಂತಿರುವವರಿಗೆ ಕೆಲಸಕ್ಕೆ ಬರುತ್ತದೆ.

ನಾವು ರೇಡಿಯೋದವರು. ಹಾಗಾಗಿ ದನಿಯಿಂದಲೇ ಶುರು ಮಾಡೋಣ.

ಬೊಗಳುವ ನಾಯಿ ಕಚ್ಚುವುದಿಲ್ಲ ಅಂತ ಗಾದೆ. ಬೊಗಳುವುದೇ ಅಪರೂಪವಾದ ನಾಯಿಯ ಬಗ್ಗೆ ಏನನ್ನೋಣ? ಮಧ್ಯ ಆಫ್ರಿಕದ ಕಾಂಗೋ ಕಾಡುಗಳ ಬಸೆಂಜಿ ಅಂಥದ್ದು. ಹತ್ತು-ಹನ್ನೊಂದು ಕಿಲೋ ತೂಕ, ನೆಟ್ಟಗಿನ ಕಿವಿ, ಬೆನ್ನ ಮೇಲೆ ಚಕ್ಕುಲಿಯಂತೆ ಸುತ್ತಿಕೊಂಡ ಬಾಲ, ಹಣೆಯ ಮೇಲೆ ಸದಾ ಚಿಂತೆಯ ಗೆರೆ. ಮೂಕವೇನಲ್ಲ. ಅದರ ಧ್ವನಿಪೆಟ್ಟಿಗೆಯ ರಚನೆ ಬೇರೆ ನಾಯಿಗಳದಕ್ಕಿಂತ ಭಿನ್ನ, ಹಾಗಾಗಿ ಭೌ ಭೌ ಬದಲು ಆಲಾಪನೆಯಂಥ ಒಂದು ದನಿ ಹೊರಡುತ್ತದೆ. ಯೂರೋಪಿನ ಬೆಟ್ಟದ ಜನ ಎತ್ತರದ ಸ್ವರಕ್ಕೂ ತಗ್ಗಿನ ಸ್ವರಕ್ಕೂ ಜಿಗಿಯುತ್ತಾ ಹಾಡುತ್ತಾರಲ್ಲ, ಹೆಚ್ಚುಕಡಿಮೆ ಹಾಗೆ. ಬೆಕ್ಕಿನಂತೆ ಮೈ ನೆಕ್ಕಿಕೊಂಡು ಚೊಕ್ಕವಾಗಿರುತ್ತದೆ. ಹೆಚ್ಚಿನ ನಾಯಿಗಳು ವರ್ಷಕ್ಕೆ ಎರಡು ಸಲ ಬೆದೆಗೆ ಬಂದರೆ ಇದು ಒಂದೇ ಸಲ.

ಕಾಡಿನ ಜನ ಇದನ್ನು ಬೇಟೆಗೆ ಕರೆದೊಯ್ಯುತ್ತಾರೆ. ಪ್ರಾಣಿಗಳನ್ನು ಪೊದೆಯಿಂದ ಎಬ್ಬಿಸಿ ಬಲೆಯ ಕಡೆಗೆ ಓಡಿಸುವುದು ಇದರ ಕೆಲಸ. ಆದರೆ ಸದ್ದೇ ಮಾಡದ ನಾಯಿ ದಟ್ಟ ಕಾಡಿನಲ್ಲಿ ಎಲ್ಲಿದೆ ಅಂತ ಗೊತ್ತಾಗಬೇಕಲ್ಲ? ಅದಕ್ಕೇ ಕೊರಳಿಗೆ ಮರದ ಗಂಟೆ ಕಟ್ಟುತ್ತಾರೆ. ನಮ್ಮ ಮಲೆನಾಡಿನಲ್ಲಿ ದನಕ್ಕೆ ಕಟ್ಟುವ ಮರದ ಗಂಟೆ ನೋಡಿದವರಿಗೆ ಇದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

1895ರಲ್ಲಿ ಒಂದು ಜೋಡಿಯನ್ನು ಇಂಗ್ಲೆಂಡಿಗೆ ಕೊಂಡೊಯ್ದರು. ಎರಡೂ ಡಿಸ್ಟೆಂಪರ್ ರೋಗದಿಂದ ಸತ್ತವು. ಈ ಡಿಸ್ಟೆಂಪರ್ ಹೆಸರು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ. ಕೊನೆಗೆ 1930ರ ದಶಕದಲ್ಲಿ ತಂದವು ಬದುಕಿಕೊಂಡವು, 1937ರಲ್ಲಿ ಕ್ರಫ್ಟ್ಸ್ ಶ್ವಾನ ಪ್ರದರ್ಶನದಲ್ಲಿ ಅವನ್ನು ನೋಡಲು ಜನ ಮುಗಿಬಿದ್ದರು. ತೊಂದರೆ ಶುರುವಾದದ್ದು ಅನಂತರ. ಯೂರೋಪ್, ಅಮೆರಿಕದ ಬಸೆಂಜಿಗಳೆಲ್ಲ ಬೆರಳೆಣಿಕೆಯ ಆ ನಾಯಿಗಳ ಸಂತಾನ. ಒಂದೇ ಮನೆತನದೊಳಗೆ ತಲೆಮಾರುಗಳ ಕಾಲ ಮದುವೆಯಾದಂತೆ. ಕ್ರಮೇಣ ಫ್ಯಾಂಕೋನಿ ಅನ್ನುವ ಮೂತ್ರಪಿಂಡದ ಕಾಯಿಲೆ ತಳಿಯಲ್ಲಿ ಬೇರೂರಿತು. ದೇಹಕ್ಕೆ ಬೇಕಾದ ಸಕ್ಕರೆ, ಪೋಷಕಾಂಶಗಳೆಲ್ಲ ಮೂತ್ರದಲ್ಲಿ ಸೋರಿಹೋಗುವ ರೋಗ ಇದು. ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ನಡುವಯಸ್ಸಿನಲ್ಲಿ. ಅಷ್ಟರಲ್ಲಿ ಆ ನಾಯಿ ಎರಡು ಮೂರು ಸಲ ಮರಿ ಹಾಕಿ ರೋಗವನ್ನು ಮುಂದಕ್ಕೆ ದಾಟಿಸಿಬಿಟ್ಟಿರುತ್ತಿತ್ತು. ಸಾಕುವವನ ತಪ್ಪೇನೂ ಇಲ್ಲ, ಅವನಿಗೆ ಗೊತ್ತಾಗುತ್ತಲೇ ಇರಲಿಲ್ಲ.

ಅಮೆರಿಕದ ಕೆಲವು ಬಸೆಂಜಿ ಪ್ರಿಯರು 1980ರ ದಶಕದ ಕೊನೆಯಲ್ಲಿ ಕಾಂಗೋಗೇ (ಆಗ ಝೈರ್) ಹೋಗಿ ಹಳ್ಳಿಗಳಿಂದ ಹೊಸ ನಾಯಿಗಳನ್ನು ತಂದರು. 1990ರಲ್ಲಿ ಅಮೆರಿಕನ್ ಕೆನೆಲ್ ಕ್ಲಬ್ ತನ್ನ ವಂಶಾವಳಿ ಪುಸ್ತಕವನ್ನು ಅವಕ್ಕಾಗಿ ತೆರೆಯಿತು. ಶುದ್ಧತಳಿ, ಶುದ್ಧತಳಿ ಅಂತ ಜಪ ಮಾಡುವ ಸಂಸ್ಥೆಯೊಂದು ಹೊರಗಿನ ಹಳ್ಳಿ ನಾಯಿಗಳನ್ನು ಒಳಗೆ ಬಿಟ್ಟುಕೊಳ್ಳುವುದು ಅಂದರೆ ಸಣ್ಣ ಮಾತಲ್ಲ. ಫ್ಯಾಂಕೋನಿಗೆ ಈಗ ಡಿಎನ್‌ಎ ಪರೀಕ್ಷೆಯೂ ಇದೆ.

ಈಗ ಆಫ್ರಿಕದಿಂದ ನೇರ ಉತ್ತರಕ್ಕೆ, ನಾರ್ವೆಗೆ ಬನ್ನಿ. ಆರ್ಕ್‌ಟಿಕ್ ವೃತ್ತದ ಆಚೆ ಲೋಫೋಟೆನ್ ದ್ವೀಪಸಮೂಹದಲ್ಲಿ ವಾರೊಯ್ ಅನ್ನುವ ದ್ವೀಪ. ಸಮುದ್ರದಿಂದ ಗೋಡೆಯಂತೆ ಎದ್ದ ಬಂಡೆಗಳು, ಬಂಡೆಗಳ ಸಂದುಗಳಲ್ಲಿ ಪಫಿನ್ ಹಕ್ಕಿಗಳ ಗೂಡು. ಗಿಣಿಯಂಥ ಬಣ್ಣದ ಕೊಕ್ಕಿನ, ಕಪ್ಪು-ಬಿಳುಪಿನ ಈ ಕಡಲಹಕ್ಕಿಯೇ ಅಲ್ಲಿನ ಬಡವರ ಊಟ. ಮಾಂಸಕ್ಕೆ ಉಪ್ಪು ಹಾಕಿ ಚಳಿಗಾಲಕ್ಕೆ ಇಡುತ್ತಿದ್ದರು, ಪುಕ್ಕ ಮಾರುತ್ತಿದ್ದರು. ಆದರೆ ಹಕ್ಕಿ ಇರುವುದು ಮನುಷ್ಯನ ಕೈ ಹೋಗದ ಬಿಲದ ಒಳಗೆ. ಆ ಬಿಲಕ್ಕೆ ನುಸುಳಿ ಹಕ್ಕಿಯನ್ನು ಕಚ್ಚಿಕೊಂಡು ಹಿಂದಕ್ಕೆ ಬರಲು ಒಂದು ನಾಯಿ ಬೇಕಿತ್ತು. ಅದೇ ಲುಂಡೆಹುಂಡ್. ನಾರ್ವೆ ಭಾಷೆಯಲ್ಲಿ ಲುಂಡೆ ಅಂದರೆ ಪಫಿನ್, ಹುಂಡ್ ಅಂದರೆ ನಾಯಿ.

ಈ ನಾಯಿಯ ಮೈಕಟ್ಟು ಕೇಳಿ. ಒಂದೊಂದು ಪಾದಕ್ಕೂ ಕನಿಷ್ಠ ಆರು ಬೆರಳು. ಸಾಧಾರಣ ನಾಯಿಗೆ ನೆಲಕ್ಕೆ ಊರುವ ಬೆರಳು ನಾಲ್ಕೇ. ಇದರ ಹೆಚ್ಚಿನ ಬೆರಳುಗಳು ಹೆಸರಿಗೆ ಜೋತುಬಿದ್ದವಲ್ಲ, ಮೂಳೆ, ಕೀಲು, ಸ್ನಾಯು ಎಲ್ಲ ಇರುವ ಪೂರ್ಣ ಬೆರಳುಗಳು. ಜಾರುವ ಬಂಡೆಯಲ್ಲಿ ಹಿಡಿತಕ್ಕೆ. ಮುಂಗಾಲುಗಳನ್ನು ನಾವು ಕೈ ಚಾಚಿದಂತೆ ಎರಡೂ ಪಕ್ಕಕ್ಕೆ ನೇರ ಚಾಚಬಲ್ಲದು. ತಲೆಯನ್ನು ಹಿಂದಕ್ಕೆ ಬಾಗಿಸಿ ಬೆನ್ನಿಗೆ ತಾಗಿಸಬಲ್ಲದು, ಇಕ್ಕಟ್ಟಿನ ಬಿಲದೊಳಗೆ ತಿರುಗುವುದಕ್ಕೆ. ಕಿವಿಯನ್ನು ಮಡಚಿ ಮುಚ್ಚಿಕೊಳ್ಳಬಲ್ಲದು, ಮಣ್ಣು ನೀರು ಒಳಗೆ ಹೋಗದ ಹಾಗೆ. ಯೋಗಾಸನ ಕಲಿಸುವವರು ಇದನ್ನು ನೋಡಿದರೆ ಅಸೂಯೆಪಟ್ಟಾರು! ತೂಕ ಆರೇಳು ಕಿಲೋ ಅಷ್ಟೆ.

ಇಷ್ಟೆಲ್ಲ ಇದ್ದ ನಾಯಿ ಕೆಲಸ ಕಳೆದುಕೊಂಡಿತು. ಹತ್ತೊಂಬತ್ತನೇ ಶತಮಾನದ ಮಧ್ಯದಲ್ಲಿ ಜನ ಪಫಿನ್‌ಗಳನ್ನು ಬಲೆಯಿಂದ ಹಿಡಿಯಲು ಶುರು ಮಾಡಿದರು. ಬಲೆಗೆ ಊಟ ಹಾಕಬೇಕಾಗಿಲ್ಲ. ಮೇಲಿಂದ ನಾಯಿ ಸಾಕುವವರಿಗೆ ತೆರಿಗೆಯೂ ಬಂತು. ಒಂದೊಂದು ಮನೆಯಲ್ಲೂ ಹಲವಾರು ನಾಯಿ ಇಟ್ಟುಕೊಳ್ಳುತ್ತಿದ್ದ ಕಡೆ ಒಂದೂ ಇಲ್ಲದಂತಾಯಿತು. ವಾರೊಯ್‌ನ ಮೂಲೆಯಲ್ಲಿದ್ದ ಮೋಸ್ಟಾದ್ ಅನ್ನುವ ಒಂದು ಹಳ್ಳಿಯಲ್ಲಿ ಮಾತ್ರ, ದಾರಿಯೇ ಸರಿಯಿಲ್ಲದ ಕಾರಣಕ್ಕೋ ಏನೋ, ಹಳೆಯ ಪದ್ಧತಿ ಉಳಿದುಕೊಂಡಿತ್ತು. 1930ರ ದಶಕದಲ್ಲಿ ಎಲಿನೋರ್ ಕ್ರಿಸ್ಟಿ ಅನ್ನುವ ಮಹಿಳೆ ಅಲ್ಲಿಂದ ಮರಿಗಳನ್ನು ತರಿಸಿಕೊಂಡು ದಕ್ಷಿಣ ನಾರ್ವೆಯ ತಮ್ಮ ಮನೆಯಲ್ಲಿ ಸಾಕತೊಡಗಿದರು. ಎರಡನೇ ಮಹಾಯುದ್ಧದ ಹೊತ್ತಿಗೆ ವಾರೊಯ್‌ಗೆ ಡಿಸ್ಟೆಂಪರ್ ಬಂತು. ದ್ವೀಪದ ನಾಯಿಗಳು ಹೆಚ್ಚುಕಡಿಮೆ ನಿರ್ನಾಮ. ಕ್ರಿಸ್ಟಿಯವರು ತಮ್ಮಲ್ಲಿದ್ದ ಮರಿಗಳನ್ನು ದ್ವೀಪಕ್ಕೆ ಕಳಿಸಿಕೊಟ್ಟರು. ಆಮೇಲೆ ಅದೇ ರೋಗ ಅವರ ಮನೆಗೂ ಬಂದು ಅವರ ನಾಯಿಗಳೂ ಹೋದವು. 1963ರ ಹೊತ್ತಿಗೆ ಜಗತ್ತಿನಲ್ಲಿ ಉಳಿದಿದ್ದ ಲುಂಡೆಹುಂಡ್‌ಗಳು ಒಟ್ಟು ಆರು. ಅದರಲ್ಲಿ ಐದು ಒಂದೇ ತಾಯಿಯ ಮಕ್ಕಳು.

ಆ ಆರರಿಂದ ಲೆಕ್ಕ ಹಾಕಿ ಹಾಕಿ, ಯಾವುದಕ್ಕೆ ಯಾವುದು ಅಂತ ಅಳೆದು ತೂಗಿ ಬೆಳೆಸಿ, 2010ರ ಸುಮಾರಿಗೆ ಸಂಖ್ಯೆ 1400ರ ಆಸುಪಾಸಿಗೆ ಬಂತು. ಗೆದ್ದಂತೆಯೇ? ಅರ್ಧ ಮಾತ್ರ. ಎಲ್ಲವೂ ಒಂದೇ ಬಳ್ಳಿಯ ಕುಡಿಗಳಾದ್ದರಿಂದ ಅವುಗಳ ವಂಶವಾಹಿಯಲ್ಲಿ ವೈವಿಧ್ಯ ಅನ್ನುವುದೇ ಇಲ್ಲವಾಯಿತು. ತಿಂದ ಪ್ರೋಟೀನ್ ಮೈಗೆ ಹತ್ತದೆ ಸೋರಿಹೋಗುವ ಒಂದು ಕರುಳಿನ ಕಾಯಿಲೆ ತಳಿಯನ್ನೇ ಕಾಡುತ್ತಿದೆ. ಹಾಕುವ ಮರಿಗಳ ಸಂಖ್ಯೆಯೂ ಕಡಿಮೆ. ಹಾಗಾಗಿ ಇತ್ತೀಚಿನ ವರ್ಷಗಳಲ್ಲಿ ನಾರ್ವೆಯವರು ಗಟ್ಟಿಮನಸ್ಸು ಮಾಡಿ ನಾರ್ವೆಯ ಬೂಹುಂಡ್, ಐಸ್‌ಲ್ಯಾಂಡಿನ ಕುರಿನಾಯಿ ಮೊದಲಾದ ಹತ್ತಿರದ ತಳಿಗಳ ಜೊತೆ ಸಂಕರ ಮಾಡುತ್ತಿದ್ದಾರೆ. ಹುಟ್ಟಿದ ಮರಿಗಳನ್ನು ಮತ್ತೆ ಲುಂಡೆಹುಂಡ್ ಜೊತೆ ಸೇರಿಸಿ ಆರು ಬೆರಳನ್ನೂ ಉಳಿಸಿಕೊಳ್ಳಬೇಕು, ಕರುಳನ್ನೂ ಸರಿಪಡಿಸಿಕೊಳ್ಳಬೇಕು ಅನ್ನುವುದು ಲೆಕ್ಕ. ತಳಿ ಉಳಿಸಲು ತಳಿ ಕೆಡಿಸಬೇಕಾ ಅಂತ ಹುಬ್ಬೇರಿಸುವವರು ಇದ್ದೇ ಇರುತ್ತಾರೆ. ನನಗಂತೂ ಅದು ಸರಿಯಾದ ದಾರಿ ಅನ್ನಿಸುತ್ತದೆ. ಶುದ್ಧವಾಗಿ ಸಾಯುವುದಕ್ಕಿಂತ ಸ್ವಲ್ಪ ಬೆರೆತು ಬದುಕುವುದು ವಾಸಿಯಲ್ಲವೇ?

ಕೆಲಸ ಹೋದಾಗ ಲುಂಡೆಹುಂಡ್‌ಗೆ ಸಿಕ್ಕ ಅದೃಷ್ಟ ಎಲ್ಲಕ್ಕೂ ಸಿಗಲಿಲ್ಲ. ಇಂಗ್ಲೆಂಡಿನಲ್ಲಿ ಟರ್ನ್‌ಸ್ಪಿಟ್ ಅನ್ನುವ ಅಡುಗೆಮನೆಯ ನಾಯಿಯಿತ್ತು. ಉದ್ದ ಮೈ, ಗಿಡ್ಡ ಸೊಟ್ಟ ಕಾಲು. ಗೋಡೆಗೆ ಹೊಂದಿಸಿದ ಚಕ್ರದೊಳಗೆ ಗಂಟೆಗಟ್ಟಲೆ ಓಡುವುದು, ಆ ಚಕ್ರದಿಂದ ಒಲೆಯ ಮುಂದಿನ ಸರಳು ತಿರುಗುವುದು, ಸರಳಿಗೆ ಚುಚ್ಚಿದ ಮಾಂಸ ಎಲ್ಲ ಕಡೆ ಸಮನಾಗಿ ಬೇಯುವುದು. 1576ರ ಪುಸ್ತಕದಲ್ಲೇ ಇದರ ಉಲ್ಲೇಖವಿದೆ. ಸರಳು ತಿರುಗಿಸಲು ಯಂತ್ರ ಬಂತು, ನಾಯಿ ಹೋಯಿತು. ಕುರೂಪಿ ಅಂತ ಯಾರೂ ಮುದ್ದಿಗೆ ಇಟ್ಟುಕೊಳ್ಳಲಿಲ್ಲ. ಈಗ ವೇಲ್ಸ್‌ನ ಆಬರ್‌ಗವೆನ್ನಿ ಮ್ಯೂಸಿಯಂನಲ್ಲಿ ಒಳಗೆ ಹುಲ್ಲು ತುಂಬಿದ ಒಂದು ನಾಯಿ ನಿಂತಿದೆ, ಅಷ್ಟೆ. ಅದರ ಹೆಸರು ವಿಸ್ಕಿ!

ಉಣ್ಣೆಯ ನಾಯಿಯದು ಇನ್ನೂ ಸಂಕಟದ ಕತೆ. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಸೇಲಿಶ್ ಜನ ಕುರಿ ಸಾಕುತ್ತಿರಲಿಲ್ಲ. ದಪ್ಪ ಬಿಳಿ ತುಪ್ಪಟದ ನಾಯಿಗಳನ್ನು ಸಾಕಿ, ಕುರಿಗೆ ಮಾಡುವಂತೆ ಉಣ್ಣೆ ಕತ್ತರಿಸಿ, ಕಾಡುಮೇಕೆಯ ಉಣ್ಣೆ, ಗಿಡದ ನಾರು ಬೆರೆಸಿ ಕಂಬಳಿ ನೇಯುತ್ತಿದ್ದರು. ಬೇರೆ ನಾಯಿಗಳ ಜೊತೆ ಬೆರೆಯದಿರಲಿ ಅಂತ ಸಣ್ಣ ಸಣ್ಣ ದ್ವೀಪಗಳಲ್ಲಿ ಬಿಟ್ಟು, ಸಾಲ್ಮನ್ ಮೀನು ಹಾಕುತ್ತಿದ್ದರು. ಸಾಕುವುದು, ನೇಯುವುದು ಎರಡೂ ಹೆಂಗಸರ ಕೈಯಲ್ಲಿತ್ತು. 1792ರಲ್ಲಿ ಅಲ್ಲಿಗೆ ಹೋದ ಕ್ಯಾಪ್ಟನ್ ವ್ಯಾಂಕೂವರ್ ಈ ನಾಯಿಗಳನ್ನು ನೋಡಿ ಬರೆದಿಟ್ಟಿದ್ದಾನೆ. ಉಣ್ಣೆ ಎಷ್ಟು ಒತ್ತಾಗಿತ್ತೆಂದರೆ ಕತ್ತರಿಸಿದ್ದನ್ನು ಒಂದು ಮೂಲೆ ಹಿಡಿದು ಎತ್ತಿದರೆ ಇಡಿಯಾಗಿ ಮೇಲೆ ಬರುತ್ತಿತ್ತಂತೆ.

ನೂರು ವರ್ಷದ ಆಚೀಚೆ ಆ ನಾಯಿ ಕಣ್ಮರೆಯಾಯಿತು. ಗಿರಣಿಯ ಅಗ್ಗದ ಕಂಬಳಿ ಬಂತು, ಅದಕ್ಕೇ ಹೋಯಿತು ಅಂತ ಬಹುಕಾಲ ಹೇಳುತ್ತಿದ್ದರು. ಆದರೆ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿ 1859ರಲ್ಲಿ ಸತ್ತ ಮಟನ್ ಅನ್ನುವ ನಾಯಿಯ ಚರ್ಮ ಉಳಿದಿತ್ತು. (ಹೌದು, ನಾಯಿಯ ಹೆಸರೇ ಮಟನ್.) ಅದರ ಡಿಎನ್‌ಎ ಓದಿ, ಸೇಲಿಶ್ ಹಿರಿಯರ ನೆನಪುಗಳನ್ನೂ ಸೇರಿಸಿ 2023ರ ಡಿಸೆಂಬರ್‌ನಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಅಧ್ಯಯನವೊಂದು ಪ್ರಕಟವಾಯಿತು. ಯೂರೋಪಿನವರು ಬರುವುದಕ್ಕೆ ಸಾವಿರಾರು ವರ್ಷ ಮೊದಲೇ ಈ ತಳಿ ಬೇರೆಯಾಗಿ ಬೆಳೆದಿತ್ತು ಅಂತ ಅದರಿಂದ ತಿಳಿಯಿತು. ಕಾರಣ ಬರೀ ಕಂಬಳಿಯ ಬೆಲೆಯಲ್ಲ. ಸಿಡುಬು ಊರಿಗೆ ಊರನ್ನೇ ನುಂಗಿತು, ವಲಸೆ ಬಂದವರು ಆ ಹೆಂಗಸರ ನೇಯ್ಗೆಯನ್ನೂ ಆಚರಣೆಗಳನ್ನೂ ಹತ್ತಿಕ್ಕಿದರು. ನೇಯುವವಳೇ ಇಲ್ಲದ ಮೇಲೆ ನಾಯಿಗೆ ಯಾರು?

ಉಣ್ಣೆಯದಾಯಿತು, ಕೂದಲೇ ಇಲ್ಲದ ನಾಯಿಯೂ ಇದೆ. ಮೆಕ್ಸಿಕೋದ ಶೋಲೋ. ಪೂರ್ತಿ ಹೆಸರು ಶೋಲೋಇಟ್ಸ್‌ಕ್ವಿಂಟ್ಲಿ, ನಮ್ಮ ಉದ್ಘೋಷಕರಿಗೆ ಯಾರೂ ಇದನ್ನು ಓದಲು ಕೊಡದಿರಲಿ! ಇದರ ಲೆಕ್ಕ ಮಜವಾಗಿದೆ. ಕೂದಲಿಲ್ಲದಿರುವುದು ಒಂದು ವಂಶವಾಹಿಯ ದೋಷದಿಂದ. 2008ರಲ್ಲಿ ವಿಜ್ಞಾನಿಗಳು ಅದನ್ನು ಗುರುತಿಸಿದರು. ಆ ದೋಷ ತಂದೆಯಿಂದಲೋ ತಾಯಿಯಿಂದಲೋ ಒಂದು ಕಡೆಯಿಂದ ಬಂದರೆ ಮರಿಗೆ ಕೂದಲಿರುವುದಿಲ್ಲ. ಎರಡೂ ಕಡೆಯಿಂದ ಬಂದರೆ ಮರಿ ಹುಟ್ಟುವ ಮೊದಲೇ ಸಾಯುತ್ತದೆ. ಹಾಗಾಗಿ ಬೋಳು ಅಪ್ಪ, ಬೋಳು ಅಮ್ಮ ಇದ್ದರೂ ಬದುಕುವ ಮೂರು ಮರಿಗಳಲ್ಲಿ ಸರಾಸರಿ ಒಂದಕ್ಕೆ ಮೈತುಂಬ ಕೂದಲಿರುತ್ತದೆ. ಕೂದಲಿಗೂ ಹಲ್ಲಿಗೂ ಮೂಲ ಒಂದೇ ಪದರವಾದ್ದರಿಂದ ಬೋಳು ನಾಯಿಗೆ ಕೆಲವು ಹಲ್ಲುಗಳೂ ಇರುವುದಿಲ್ಲ. 2017ರ ಕೋಕೋ ಚಿತ್ರ ನೋಡಿದ ಮಕ್ಕಳು ಮನೆಯಲ್ಲಿದ್ದರೆ ಕೇಳಿ, ನಾಲಿಗೆ ಇಳಿಬಿಟ್ಟುಕೊಂಡ ಡಾಂಟೆ ಅವರಿಗೆ ಗೊತ್ತಿರುತ್ತದೆ.

ಹಳೆಯ ನಾಯಿಗೆ ಹೊಸ ಕೆಲಸ ಸಿಕ್ಕ ಒಂದು ಕತೆಯನ್ನೂ ಹೇಳಬೇಕು. ಟರ್ಕಿಯ ಸಿವಾಸ್ ಕಡೆಯ ಕಂಗಾಲ್ ಕುರಿ ಕಾಯುವ ಭಾರಿ ನಾಯಿ, 50 ಕಿಲೋಗೂ ಹೆಚ್ಚು ತೂಗುತ್ತದೆ. ನಮೀಬಿಯಾದಲ್ಲಿ ರೈತರು ತಮ್ಮ ಆಡು ಕುರಿ ಹಿಡಿಯುತ್ತವೆ ಅಂತ ಚೀತಾಗಳಿಗೆ ಗುಂಡು ಹೊಡೆಯುತ್ತಿದ್ದರು. ಅಲ್ಲಿನ ಚೀತಾ ಸಂರಕ್ಷಣಾ ನಿಧಿಯವರು 1994ರಿಂದ ಆನಟೋಲಿಯಾದ ಈ ಕಾವಲು ನಾಯಿಗಳ ಮರಿಗಳನ್ನು ರೈತರಿಗೆ ಕೊಡತೊಡಗಿದರು. ಮರಿಯಾಗಿದ್ದಾಗಲೇ ಹಟ್ಟಿಯಲ್ಲಿ ಬಿಟ್ಟರೆ ಅದು ಮಂದೆಯನ್ನೇ ತನ್ನ ಮನೆ ಅಂದುಕೊಂಡು ಬೆಳೆಯುತ್ತದೆ. ಚೀತಾ ಬಂದರೆ ಅಟ್ಟಿಸಿಕೊಂಡು ಹೋಗುವುದಿಲ್ಲ, ಮಂದೆಗೂ ಅದಕ್ಕೂ ನಡುವೆ ನಿಂತು ಗಟ್ಟಿಯಾಗಿ ಬೊಗಳುತ್ತದೆ. ಹಗುರ ಮೈಯ ಚೀತಾಕ್ಕೆ ಗಾಯವಾದರೆ ಓಟ ಹೋಯಿತು, ಓಟ ಹೋದರೆ ಊಟ ಹೋಯಿತು. ಅದು ಜಗಳಕ್ಕೆ ನಿಲ್ಲದೆ ಹೊರಟುಬಿಡುತ್ತದೆ. ಕುರಿಯೂ ಉಳಿಯಿತು, ಚೀತಾವೂ ಉಳಿಯಿತು. 2022ರ ಸೆಪ್ಟೆಂಬರ್‌ನಲ್ಲಿ ಮಧ್ಯಪ್ರದೇಶದ ಕುನೋಗೆ ಬಂದಿಳಿದ ಮೊದಲ ಎಂಟು ಚೀತಾಗಳು ಇದೇ ನಮೀಬಿಯಾದವು.

ಇಷ್ಟು ದೇಶ ಸುತ್ತಿದ ಮೇಲೆ ನಮ್ಮೂರಿನದನ್ನು ಬಿಡಲಾಗುತ್ತದೆಯೇ? ಬಾಗಲಕೋಟೆ ಜಿಲ್ಲೆಯ ಮುಧೋಳ, ಕವಿಚಕ್ರವರ್ತಿ ರನ್ನನ ಊರು. ಹೊರನಾಡಿನಲ್ಲಿ ಆ ಹೆಸರು ಹೇಳಿದರೆ ಮಾತ್ರ ಜನ ರನ್ನನನ್ನಲ್ಲ, ನಾಯಿಯನ್ನು ನೆನೆಯುತ್ತಾರೆ! ಉದ್ದ ಕಿರಿದಾದ ಮೂತಿ, ಆಳವಾದ ಎದೆ, ಬೆನ್ನಿಗಂಟಿದ ಹೊಟ್ಟೆ, ಭುಜದವರೆಗೆ ಸುಮಾರು 70 ಸೆಂಟಿಮೀಟರ್ ಎತ್ತರ. ಮೂಸಿ ಹುಡುಕುವುದಕ್ಕಿಂತ ಕಣ್ಣಿನಿಂದ ನೋಡಿ ಓಡಿ ಹಿಡಿಯುವ ಜಾತಿ. ವ್ಯಾಪಾರಿಗಳ ಕಾರವಾನಿನ ಜೊತೆ ಪಶ್ಚಿಮದಿಂದ ಬಂದ ನಾಯಿಗಳ ಸಂತತಿ ಅನ್ನುತ್ತಾರೆ, ಅದಕ್ಕೇ ಇನ್ನೊಂದು ಹೆಸರು ಕಾರವಾನ್. ಪುಣೆ, ಮುಂಬಯಿಯವರು ಕಾರವಾನಿ ಅನ್ನುವುದೂ ಇದನ್ನೇ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಪೋಷಿಸಿ, ಇಂಗ್ಲೆಂಡಿಗೆ ಹೋದಾಗ ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಕಾಣಿಕೆ ಕೊಟ್ಟಿದ್ದರು. 2005ರಲ್ಲಿ ಅಂಚೆ ಇಲಾಖೆ ನಾಲ್ಕು ದೇಸಿ ನಾಯಿಗಳ ಅಂಚೆಚೀಟಿ ತಂದಾಗ ಮುಧೋಳವೂ ಅದರಲ್ಲಿತ್ತು. ಉಳಿದ ಮೂರು ರಾಜಪಾಳಯಂ, ರಾಂಪುರ ಮತ್ತು ಹಿಮಾಲಯದ ಕುರಿನಾಯಿ. 2016ರಲ್ಲಿ ಮೀರತ್‌ನ ಸೇನಾ ಪಶುವೈದ್ಯ ಕೇಂದ್ರ ತರಬೇತಿಗೆಂದು ಮುಧೋಳದ ಮರಿಗಳನ್ನು ಒಯ್ದಿತು. 2020ರ ಆಗಸ್ಟ್‌ನ ಮನ್ ಕೀ ಬಾತ್‌ನಲ್ಲಿ ಪ್ರಧಾನಿಯವರು ಈ ಹೆಸರು ಹೇಳಿದ್ದನ್ನು ನಿಮ್ಮಲ್ಲಿ ಹಲವರು ರೇಡಿಯೋದಲ್ಲೇ ಕೇಳಿರುತ್ತೀರಿ. ಮುಧೋಳದ ಪಕ್ಕದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಅಲ್ಲಿನ ಹಳ್ಳಿಗಳಲ್ಲಿ ಮರಿ ಸಾಕಿ ಮಾರಿ ಸಂಸಾರ ನಡೆಸುವ ಮನೆಗಳೂ ಇವೆ.

ಹೆಸರು ಬಂದಾಗ ಬೇಡಿಕೆಯೂ ಬರುತ್ತದೆ. ಅಲ್ಲೇ ನನಗೆ ಸ್ವಲ್ಪ ದಿಗಿಲು. ನಮ್ಮ ನಾಯಿ ಅನ್ನುವ ಅಭಿಮಾನಕ್ಕೆ ಆರನೇ ಮಹಡಿಯ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ಮುಧೋಳ ತರುವವರು, ದಯವಿಟ್ಟು ಇದನ್ನು ಓದಿ. ಇದಕ್ಕೆ ದಿನಾ ಬಯಲಿನಲ್ಲಿ ಓಟ ಬೇಕು, ಲಿಫ್ಟ್‌ನಲ್ಲಿ ಇಳಿದು ಕಂಬ ಮೂಸಿ ಬರುವುದು ಸಾಲದು. ಎದುರಿಗೆ ಬೆಕ್ಕು ಓಡಿದರೆ ನಿಮ್ಮ ಕೈಯಲ್ಲಿನ ಸರಪಳಿ ಸಮೇತ ಹೊರಟೀತು. ಅಪರಿಚಿತರು ಮೈ ಸವರುವುದು ಇದಕ್ಕೆ ಇಷ್ಟವಿಲ್ಲ, ಸೊಸೈಟಿಯ ಮಕ್ಕಳಿಗೆ ಮೊದಲೇ ಹೇಳಿಡಿ. ಮೈಯಲ್ಲಿ ಕೊಬ್ಬು ಕಡಿಮೆ ಇರುವ ಇಂಥ ಓಟದ ನಾಯಿಗಳಿಗೆ ಕೆಲವು ಅರಿವಳಿಕೆ ಔಷಧಿಗಳ ಮಂಪರು ಬೇಗ ಇಳಿಯುವುದಿಲ್ಲ. ಆಪರೇಷನ್ ಇದ್ದರೆ ಡಾಕ್ಟರಿಗೆ ತಳಿಯ ಹೆಸರು ಹೇಳಲು ಮರೆಯಬೇಡಿ. ಪಕ್ಕೆಲುಬು ಕಾಣುತ್ತದೆ ಅಂತ ತುಪ್ಪ ಅನ್ನ ಹಾಕಿ ದಪ್ಪ ಮಾಡಬೇಡಿ, ಅದು ಇರಬೇಕಾದದ್ದೇ ಹಾಗೆ.

ಇನ್ನು ಬಸೆಂಜಿ, ಶೋಲೋ ಇಂಥವನ್ನು ಫಾರಿನ್ನಿಂದ ತರಿಸಿಕೊಡುತ್ತೇವೆ ಅನ್ನುವವರು ನಿಮ್ಮ ಊರಿನಲ್ಲೂ ಸಿಗುತ್ತಾರೆ. ಮರಿ ಹಾಕಿಸಿ ಮಾರುವ ವ್ಯಾಪಾರಕ್ಕಾಗಿ ನಾಯಿಗಳನ್ನು ಆಮದು ಮಾಡುವುದನ್ನು ಕೇಂದ್ರ ಸರ್ಕಾರ 2016ರ ಏಪ್ರಿಲ್‌ನಲ್ಲೇ ನಿರ್ಬಂಧಿಸಿತು. 2017ರ ನಿಯಮಗಳ ಪ್ರಕಾರ ಮರಿ ಮಾರುವ ತಳಿಗಾರರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ನೋಂದಣಿ ಪತ್ರ ಕೇಳಿ. ತಾಯಿ ನಾಯಿಯನ್ನು ತೋರಿಸಿ ಅನ್ನಿ. ತೋರಿಸಲು ಹಿಂದೆಮುಂದೆ ನೋಡಿದರೆ ಎದ್ದು ಬನ್ನಿ. ಅಪ್ಪ-ಅಮ್ಮ ಅಣ್ಣತಂಗಿಯೋ ಅಂತ ಕೇಳುವುದಕ್ಕೂ ನಾಚಿಕೆ ಬೇಡ. ಫ್ಯಾಂಕೋನಿ, ಲುಂಡೆಹುಂಡ್‌ನ ಕರುಳು, ಇವುಗಳ ಕತೆ ಈಗ ನಿಮಗೆ ಗೊತ್ತಲ್ಲ.

ಇನ್ನು ಆ ಡಿಸ್ಟೆಂಪರ್. 1895ರ ಬಸೆಂಜಿಗಳನ್ನೂ ವಾರೊಯ್‌ನ ನಾಯಿಗಳನ್ನೂ ಕೊಂದ ಅದೇ ರೋಗ ಇವತ್ತಿಗೂ ನಮ್ಮ ನಗರಗಳಲ್ಲಿ ಲಸಿಕೆ ಹಾಕಿಸದ ಮರಿಗಳನ್ನು ಕೊಲ್ಲುತ್ತಿದೆ. ಜ್ವರ, ಕಣ್ಣು ಮೂಗಿನಲ್ಲಿ ಸೋರಿಕೆ, ಆಮೇಲೆ ನರಗಳಿಗೆ ಹೋಗಿ ಸೆಳೆತ. ಬಂದ ಮೇಲೆ ಅದಕ್ಕೆ ನೇರ ಔಷಧಿಯಿಲ್ಲ. ಆರರಿಂದ ಎಂಟು ವಾರದ ಹೊತ್ತಿಗೆ ಮೊದಲ ಚುಚ್ಚುಮದ್ದು, ಆಮೇಲೆ ಡಾಕ್ಟರು ಹೇಳಿದ ಲೆಕ್ಕದಲ್ಲಿ ಮುಂದಿನವು. ನಮ್ಮ ಕಡೆ ಸೆವೆನ್ ಇನ್ ಒನ್, ನೈನ್ ಇನ್ ಒನ್ ಅಂತ ಹೇಳುವ ಲಸಿಕೆಯಲ್ಲಿ ಇದೂ ಸೇರಿರುತ್ತದೆ. ರೇಬಿಸ್‌ದು ಬೇರೆ, ಅದನ್ನೂ ತಪ್ಪಿಸಬೇಡಿ. ತಳಿಯ ಹೆಸರೇ ಇಲ್ಲದ ಬೀದಿಮರಿಯನ್ನು ಎತ್ತಿಕೊಂಡು ಬಂದಿದ್ದರೂ ಲೆಕ್ಕ ಇದೇ.

ನಿಮ್ಮ ಮನೆಯಲ್ಲಿ ಮುಧೋಳ, ರಾಜಪಾಳಯಂ, ಚಿಪ್ಪಿಪಾರೈ, ಕೊಂಬೈ ಇಂಥ ನಾಯಿ ಇದ್ದರೆ ನಗರದಲ್ಲಿ ಅದನ್ನು ಹೇಗೆ ಓಡಿಸುತ್ತೀರಿ, ಸೊಸೈಟಿಯವರನ್ನು ಹೇಗೆ ಒಪ್ಪಿಸಿದಿರಿ ಅಂತ ಎರಡು ಸಾಲು ಬರೆದು ಕಳಿಸಿ. ಆಯ್ದವನ್ನು ಕನ್ನಡ ಕಾರ್ಯಕ್ರಮದಲ್ಲಿ ಓದುತ್ತೇವೆ. ನಾಯಿಯ ದನಿ ರೆಕಾರ್ಡ್ ಮಾಡಿ ಕಳಿಸಿದರೂ ಸಂತೋಷವೇ, ಬೊಗಳುವ ನಾಯಿಯಾಗಿದ್ದರೆ.